ಜಡೆ ಕೋಲಾಟಕ್ಕೆ ಒಬ್ಬಳು ಕಡಿಮೆ

ನಾಯಂಡಹಳ್ಳಿ
12-10-2025, ಭಾನುವಾರ ಬೆಳಿಗ್ಗೆ

ಪಾಪಮ್ಮನಿಗೆ,

ಮೊದಲು 'ಪ್ರೀತಿಯ' ಅಂತ ಬರೆದಿದ್ದೆ. ಈ ವಯಸ್ಸಿನಲ್ಲಿ ಇದೇನು ನಾಟಕ ಎಂದು ನೀನು ನಗುತ್ತೀಯ ಅನ್ನಿಸಿ ಹೊಡೆದುಹಾಕಿದೆ. ಹೊಡೆದದ್ದು ಕಾಣಿಸಿದರೆ ಕಾಣಿಸಲಿ. ಹೇಗಿದ್ದೀಯ? ಬಿ.ಪಿ. ಮಾತ್ರೆ ತಗೊಳ್ತಾ ಇದ್ದೀಯೋ, ಇಲ್ಲಾ ತಂಗಿಯ ಚಾಕರಿಯಲ್ಲಿ ಅದನ್ನೂ ಮರೆತಿದ್ದೀಯೋ? ಚಿಕ್ಕಲಕ್ಷ್ಮಮ್ಮನ ಮಂಡಿ ಈಗ ಎಷ್ಟು ಮಡಚುತ್ತೆ? ಆಪರೇಷನ್ ಆದ ಕಾಲನ್ನು ನೋವಾದರೂ ದಿನಾ ಮಡಚಿಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅವಳು 'ಅಯ್ಯೋ ಅಕ್ಕಾ' ಎಂದು ಒಂದು ಸಲ ಕೂಗಿದರೆ ನೀನು ಬಿಟ್ಟುಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ. ಬಿಡಬೇಡ ಕಣೇ. ಆಮೇಲೆ ಜೀವನವಿಡೀ ಗೋಡೆ ಹಿಡಿದು ಓಡಾಡಬೇಕಾಗುತ್ತೆ.

ಫೋನ್ ಇರುವಾಗ ಈ ಮುದುಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನೀನು ಯೋಚಿಸುತ್ತಿರಬಹುದು. ಫೋನ್ ಮಾಡಿದರೆ ನೀನು ಮಾತ್ರೆ, ಮಂಡಿ, ಮಳೆ ಎಲ್ಲಾ ಮಾತಾಡುತ್ತೀಯ. ನಾನು ಕವನಾ ವಿಷಯಕ್ಕೆ ಬಂದ ಕೂಡಲೇ 'ಅದೊಂದು ಎತ್ಬೇಡಿ, ಕುಕ್ಕರ್ ಕೂಗ್ತಾ ಇದೆ' ಅಂತ ಇಟ್ಟುಬಿಡುತ್ತೀಯ. ಅದೆಂಥ ಕುಕ್ಕರ್ ಮಾರಾಯ್ತಿ, ನಾನು ಕವನಾ ಅಂದಾಗಲೇ ಕೂಗುತ್ತೆ! ನಾನೂ ಸಾಧು ಮನುಷ್ಯನಲ್ಲ, ಫೋನಿನಲ್ಲಿ ನನ್ನ ದನಿ ತಾನಾಗಿ ಏರುತ್ತೆ. ಬಸ್ಸಲ್ಲಿ 'ಒಳಗೆ ಹೋಗ್ರೀ, ಒಳಗೆ ಹೋಗ್ರೀ' ಎಂದು ಕೂಗಿ ಕೂಗಿ ರಿಟೈರ್ ಆದ ಕಂಡಕ್ಟರ್ ಗಂಟಲು ಇದು. ಕಾಗದದಲ್ಲಿ ನಾನು ಕೂಗಿದರೂ ನಿನಗೆ ಕೇಳಿಸುವುದಿಲ್ಲ, ನೀನು ಇಡುವುದಕ್ಕೂ ಆಗುವುದಿಲ್ಲ.

ಮನೆಯ ಕಡೆ ಎಲ್ಲಾ ಚೆನ್ನಾಗಿದೆ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ನಾನು ಮಾಡುವ ಮುದ್ದೆಯಲ್ಲಿ ಗಂಟು ಇರುತ್ತೆ. ಮೊದಲಾಗಿದ್ದರೆ ಕವನಾ ಒಂದೊಂದು ಗಂಟನ್ನೂ ಹುಡುಕಿ ತಟ್ಟೆಯ ಅಂಚಿಗೆ ಇಟ್ಟು 'ಅಪ್ಪಾ, ಇಲ್ನೋಡು' ಎಂದು ನನ್ನ ಮಾನ ಕಳೆಯುತ್ತಿದ್ದಳು. ಈಗ ಗಂಟನ್ನೂ ಸುಮ್ಮನೆ ನುಂಗುತ್ತಾಳೆ. ತಟ್ಟೆ ತೊಳೆಯುವುದಿಲ್ಲ, ತೊಳಿ ಎಂದರೆ 'ನಂಗೆ ಬರಲ್ಲ' ಎನ್ನುತ್ತಾಳೆ. ಜಡೆ ಹಾಕಿಕೋ ಅಂದರೆ 'ನಂಗೆ ಬರಲ್ಲ'. ಮೂಲೆ ಅಂಗಡಿಯಿಂದ ಕೊತ್ತಂಬರಿ ತಾ ಅಂದರೂ ಅದೇ. ಇಡೀ ಬೆಳಿಗ್ಗೆ ಹೊಸಿಲ ಮೇಲೆ ಕೂತು ರಸ್ತೆ ನೋಡುತ್ತಾಳೆ. ಪಕ್ಕದ ಮನೆಯವರು ಕರೆದರೆ ಒಳಗೆ ಬಂದು ಬಾಗಿಲ ಹಿಂದೆ ನಿಲ್ಲುತ್ತಾಳೆ. ಅವಳಿಗೆ ಬುದ್ಧಿ ಬೆಳೆಯುವುದು ನಿಧಾನ ಅಂತ ಡಾಕ್ಟರು ಹೇಳಿದ ದಿನವೂ ನಾನು ಹೀಗೆ ಹೆದರಿರಲಿಲ್ಲ ಪಾಪಮ್ಮ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಸಹಿಸಿಕೋ. ಪಾಲಿಕೆಯವರು ಅಂಗವಿಕಲರಿಗೆ ಅಂತ ತೆಗೆದಿಟ್ಟ ಹಣದಲ್ಲಿ ನಮ್ಮ ಕವನಾಗೂ ಒಂದು ಪಾಲಿದೆ, ಮನೆಗೇ ಬಂದು ಕಲಿಸುತ್ತಾರೆ ಎಂದಾಗ ಏನು ಕಲಿಸುತ್ತಾರೆ ಎಂದು ಕೇಳಿದವಳು ನೀನೇ. ಅಂಗಡಿಗೆ ಹೋಗೋದು, ಬಸ್ ಹತ್ತೋದು, ಏರಿಯಾದ ನಾಲ್ಕು ಜನರ ಜೊತೆ ಸೇರಿ ಏನಾದರೂ ಮಾಡೋದು ಎಂದರು. ನೀನು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆ: 'ಜನರ ಜೊತೆ ಬೆರೆಯಕ್ಕೂ ಸರ್ಕಾರ ದುಡ್ಡು ಕೊಡುತ್ತಾ?' ನಾನೂ ನಕ್ಕೆ. ಮೋಟು ಜಡೆಯ ಆ ಕೊಪ್ಪಳದ ಹುಡುಗಿ ಶೈಲಾ ಕಲಿಸಲು ಬಂದ ಮೇಲೆ ಗೊತ್ತಾಯಿತು, ಇಪ್ಪತ್ತನಾಲ್ಕು ವರ್ಷದ ನಮ್ಮ ಮಗಳಿಗೆ ಈ ಬೀದಿಯಲ್ಲಿ ಹೆಸರು ಹಿಡಿದು ಕರೆಯುವ ಒಬ್ಬ ಗೆಳತಿಯೂ ಇರಲಿಲ್ಲ. ಮದುವೆ ಮನೆಗೆ ಹೋದರೆ ಅವಳಿಗೊಂದು ಕುರ್ಚಿ ಮೂಲೆಯಲ್ಲಿ ಹಾಕುತ್ತಿದ್ದರು, ನಾವು ಅದನ್ನೇ ಮರ್ಯಾದೆ ಎಂದುಕೊಂಡಿದ್ದೆವು.

ಕೋಲಾಟದ ಯೋಚನೆ ಕವನಾಳದೇ. ಸಮುದಾಯ ಭವನದಲ್ಲಿ ಲಕ್ಷ್ಮಿದೇವಮ್ಮನ ತಂಡ ಅಭ್ಯಾಸ ಮಾಡುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತಲ್ಲ, ಆಗ ಇವಳು ಎರಡು ಸೌಟು ಹಿಡಿದು ಅಡುಗೆಮನೆಯಲ್ಲಿ ಕುಟ್ಟುತ್ತಿದ್ದಳು. ಶೈಲಾ ಅದನ್ನು ನೋಡಿ, ಸೀದಾ ಹೋಗಿ ಲಕ್ಷ್ಮಿದೇವಮ್ಮನನ್ನು ಕೇಳಿಯೇಬಿಟ್ಟಳು. ಮೊದಲ ವಾರ ಇವಳ ಏಟಿಗೆ ಯಾರದೋ ಗಾಜಿನ ಬಳೆ ಒಡೆಯಿತು. ನೀನು ನಾಚಿಕೆಯಿಂದ 'ಸಾಕು, ಕರ್ಕೊಂಡ್ ಬಂದ್ಬಿಡಿ' ಎಂದೆ. ಲಕ್ಷ್ಮಿದೇವಮ್ಮ ಅವಳ ನಾಲಿಗೆಯ ಖಾರದಲ್ಲೇ 'ನಮ್ಮೋರೇನು ಕಮ್ಮಿ ಒಡೆದಿದಾರಾ, ಬಾರೇ ಕವನಾ, ನನ್ ಜೋಡಿ ನಿಂತ್ಕೋ' ಎಂದಳು. ಅವಳ ಬಗ್ಗೆ ನನಗಿದ್ದ ಅಸಮಾಧಾನವೆಲ್ಲಾ ಅವತ್ತಿಗೆ ಹೋಯಿತು.

ಆಮೇಲೆ ಜಡೆ ಕೋಲಾಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗ ಒಬ್ಬೊಬ್ಬರೂ ಒಂದೊಂದು ಹಿಡಿದು, ಒಬ್ಬರು ಒಳಗೆ ನುಗ್ಗಿ ಇನ್ನೊಬ್ಬರು ಹೊರಗೆ ಸರಿದು ಸುತ್ತುತ್ತಾ ಹೋದರೆ ಮೇಲೆ ಜಡೆ ಹೆಣೆದುಕೊಳ್ಳುತ್ತೆ, ತಿರುಗಿ ಸುತ್ತಿದರೆ ಬಿಚ್ಚಿಕೊಳ್ಳುತ್ತೆ. ಒಬ್ಬರು ತಪ್ಪಿದರೆ ಎಲ್ಲರದೂ ಸಿಕ್ಕು. ಇದು ಇವಳಿಂದ ಆಗುವ ಕೆಲಸವಲ್ಲ ಎಂದು ನಾನೂ ಅಂದುಕೊಂಡೆ. ಶೈಲಾ ನಮ್ಮ ಫ್ಯಾನಿನ ಕೊಕ್ಕೆಗೆ ನಿನ್ನ ಹಳೆ ಸೀರೆ ಹರಿದು ಕಟ್ಟಿ, ನನ್ನನ್ನೂ ನಿನ್ನನ್ನೂ ನಿಲ್ಲಿಸಿ ಸುತ್ತಿಸಿದ್ದು ನೆನಪಿದೆಯಾ? ನಾನು ತಪ್ಪಿದೆ, ನೀನು ತಪ್ಪಿದೆ. ಕವನಾ ತಪ್ಪಲಿಲ್ಲ. 'ಒಳಗೆ, ಹೊರಗೆ, ಒಳಗೆ, ಹೊರಗೆ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಸುತ್ತಿದಳು. ನೀನು ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ, ನಾನು ನೋಡಿದ್ದೇನೆ. ಬಂದವಳೇ 'ಏನ್ ಮಹಾ' ಎಂದು ಅವಳ ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟೆ.

ಆ ಬೊಟ್ಟಿನ ವಿಷಯಕ್ಕೇ ಬರುತ್ತಿದ್ದೇನೆ.

ಪಾಲಿಕೆಯ ಸಾಹೇಬರು ಬಂದ ದಿನ ನೀನು ಬೆಳಿಗ್ಗೆಯೇ ಕೋಲುಗಳನ್ನು ಅಟ್ಟದ ಮೇಲೆ ಹಾಕಿದ್ದೆ. ಕವನಾಗೆ ಹಳೇ ನೈಟಿ ಹಾಕಿಸಿದ್ದೆ. ನನಗೆ ಆಗಲೇ ಹೊಳೆಯಬೇಕಿತ್ತು. ಯೋಗಾನಂದ ಎನ್ನುವ ಆ ಹುಡುಗ, ಹುಡುಗನೇ ನನ್ನ ಕಣ್ಣಿಗೆ, ಚಪ್ಪಲಿ ಹೊರಗೆ ಬಿಟ್ಟು ಬಂದು ಮರ್ಯಾದೆಯಿಂದ ಕೂತ. ಇಷ್ಟು ದಿನ ಕಲಿಸಿದ್ದರಿಂದ ಏನಾಗಿದೆ ಎಂದು ನೋಡಿ, ಮುಂದಿನ ವರ್ಷಕ್ಕೂ ಹಣ ಕೊಡಬೇಕಾ ಎಂದು ಬರೆಯುವುದು ಅವನ ಕೆಲಸ. 'ಅಮ್ಮಾ, ಮಗಳು ಅಂಗಡಿಗೆ ಒಬ್ಳೇ ಹೋಗ್ತಾಳಾ?' ಎಂದ. ನೀನು 'ಎಲ್ ಬಂತು ಸ್ವಾಮಿ, ಒಂದ್ ಲೋಟ ನೀರು ತಗೊಳ್ಳಕ್ಕೂ ಬರಲ್ಲ ಅದಕ್ಕೆ' ಎಂದೆ. 'ಕೋಲಾಟ?' ಎಂದ. 'ಅದೆಲ್ಲಾ ಇದಕ್ಕೆಲ್ಲಿ ತಿಳಿಯುತ್ತೆ.' ನಾನು ಬಾಯಿ ತೆರೆಯುವುದರೊಳಗೆ ಅವನು ಕವನಾ ಕಡೆ ತಿರುಗಿ, 'ನಂಗೊಂದು ಲೋಟ ನೀರು ಕೊಡ್ತೀಯಾಮ್ಮ' ಎಂದ. ಅವಳು ಎದ್ದಳು. ಎದ್ದು ನಿನ್ನ ಮುಖ ನೋಡಿದಳು. ನೀನು ತಲೆ ಅಲ್ಲಾಡಿಸಿದೆ. ಅವಳು ಕೂತುಬಿಟ್ಟಳು.

ನೀನು ಯಾಕೆ ಹಾಗೆ ಮಾಡಿದೆ ಎಂದು ನನಗೆ ಗೊತ್ತು. ಆ ಯೋಗಾನಂದನಿಗೆ ಗೊತ್ತಿಲ್ಲ, ಅವನಿಗೆ ಹೇಳಿದರೂ ಅರ್ಥವಾಗುವುದಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಇಲ್ಲೇ ಹಿತ್ತಿಲಲ್ಲಿ ಹಸು ಕಟ್ಟಿದ್ದಾಗ, ಬಂದವರು 'ಹಾಲೆಷ್ಟು ಕೊಡುತ್ತೆ' ಎಂದರೆ ನಮ್ಮಮ್ಮ ಯಾವತ್ತಾದರೂ ಇದ್ದದ್ದು ಇದ್ದ ಹಾಗೆ ಹೇಳಿದ್ದಳಾ? 'ಕರುವಿಗೇ ಸಾಲದು' ಎನ್ನುತ್ತಿದ್ದಳು. ಮಕ್ಕಳು ದುಂಡಗಿದ್ದರೆ 'ಏನೂ ತಿನ್ನಲ್ಲ' ಎನ್ನುವುದು ನಮ್ಮ ಕಡೆಯ ಎಲ್ಲರ ಬಾಯಲ್ಲೂ ಬರುವ ಮಾತು. ಅದೂ ಅಲ್ಲದೆ ಕವನಾ ತಡವಾಗಿ ಮೊದಲ ಹೆಜ್ಜೆ ಇಟ್ಟ ದಿನ ಯಾರೋ 'ಅಬ್ಬಾ, ಎಷ್ಟು ಚೆನ್ನಾಗಿ ನಡೀತಾಳೆ' ಎಂದು, ಅವತ್ತೇ ಸಂಜೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದು, ಮಗುವನ್ನು ಎತ್ತಿಕೊಂಡು ನಾವಿಬ್ಬರೂ ಓಡಿದೆವಲ್ಲ. ಅವತ್ತಿನಿಂದ ಅವಳನ್ನು ಯಾರು ಹೊಗಳಿದರೂ ನೀನು ಹೆದರುತ್ತೀಯ. ಅವಳಿಗೆ ಬರುವುದನ್ನೆಲ್ಲಾ ಬಚ್ಚಿಟ್ಟು ಕಾಪಾಡಿದವಳು ನೀನು. ಸಾಹೇಬನ ಕಣ್ಣು ಬೀಳಬಾರದು ಎಂದು ಇದನ್ನೂ ಬಚ್ಚಿಟ್ಟೆ. ಅವನು ಹೋದ ಮೇಲೆ ನಾನು ಹಾರಾಡಿದೆ, ನೀನು ಮಾತು ಬಿಟ್ಟೆ, ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮನ ಆಪರೇಷನ್ ಬಂತು, ನೀನು ಬ್ಯಾಗ್ ತಗೊಂಡು ನಂದಿನಿ ಲೇಔಟಿಗೆ ಹೊರಟುಹೋದೆ.

ದೃಷ್ಟಿಯ ವಿಷಯ ನಿನಗೂ ನನಗೂ ಗೊತ್ತಿತ್ತು, ಕವನಾಗೆ ಗೊತ್ತಿರಲಿಲ್ಲ ಕಣೇ. ಅವಳು ನಿನ್ನ ಮಾತನ್ನು ನಿಜ ಎಂದುಕೊಂಡಳು. ಮಾರನೆಯ ದಿನ ಕೋಲಾಟಕ್ಕೆ ಕರೆಯಲು ಶೈಲಾ ಬಂದರೆ 'ನಂಗೆ ಬರಲ್ಲ' ಎಂದಳು. 'ಬರ್ತೈತಿ ಕವನಾ, ನಿನಗ ಎಲ್ಲಾ ಬರ್ತೈತಿ' ಎಂದು ಶೈಲಾ ಗಲ್ಲ ಹಿಡಿದು ಹೇಳಿದಳು. ನಾನು ಹೇಳಿದೆ. ಲಕ್ಷ್ಮಿದೇವಮ್ಮನೇ ಮನೆಗೆ ಬಂದು, 'ರಾಜ್ಯೋತ್ಸವ ಹತ್ರ ಬಂತು, ಜಡೆಗೆ ಒಬ್ಳು ಕಡಿಮೆ ಬಿದ್ದವಳೆ, ಜೋಡಿ ಇಲ್ಲದೆ ನಾನೇನು ಕಂಬ ಸುತ್ತಲಾ' ಎಂದು ರೇಗಿದಳು. ಬೇರೆ ಯಾರನ್ನಾದರೂ ಸೇರಿಸಿಕೊಳ್ಳಿ ಎಂದರೆ 'ಯಾಕ್ರೀ ಸೇರಿಸ್ಕೊಳ್ಳಲಿ, ಅವಳ ಹಗ್ಗ ಅವಳದೇ' ಎಂದಳು. ಕವನಾ ಮಾತ್ರ ಬಾಗಿಲ ಹಿಂದಿನಿಂದ ಒಂದೇ ಮಾತು ಹೇಳಿದಳು: 'ಅಮ್ಮ ಹೇಳಿದ್ಳಲ್ಲ.'

ಅವಳಿಗೆ ನಾವೆಲ್ಲಾ ಸೇರಿದರೂ ಒಂದು ತೂಕ, ನಿನ್ನ ಮಾತೇ ಒಂದು ತೂಕ. ನನಗೆ ಹೊಟ್ಟೆಕಿಚ್ಚು ಆಗುವಷ್ಟು.

ಹೋದ ಶುಕ್ರವಾರ ವಾರ್ಡ್ ಆಫೀಸಿಗೆ ಹೋದೆ. ಅಲ್ಲೂ ಕೂರಲಾಗದೆ ಕಾರಿಡಾರಿನಲ್ಲಿ ಓಡಾಡಿದೆ, ಕಾವಲಿನವನು 'ಕೂತ್ಕೊಳ್ಳಿ ಯಜಮಾನ್ರೇ' ಎಂದು ಗದರಿದ. ಯೋಗಾನಂದ ನನ್ನ ಮಾತು ಪೂರ್ತಿ ಕೇಳಿದ. ಕೋಲಾಟದ ವಿಡಿಯೋ ಶೈಲಾ ಕಳಿಸಿದ್ದಳಂತೆ, ನೋಡಿದ್ದಾನೆ. 'ಸಾರ್, ಕಲಿಸೋರು ಚೆನ್ನಾಗಿದೆ ಅಂತಾರೆ, ಹೆತ್ತ ತಾಯಿ ನೀರು ತಗೊಳ್ಳಕ್ಕೂ ಬರಲ್ಲ ಅಂತಾರೆ. ನಾನು ಯಾರ ಮಾತು ಬರೀಲಿ? ದಿನಾ ಜೊತೇಲಿರೋರು ತಾಯಿ' ಎಂದ. ಇಂಥ ಮಕ್ಕಳಿರುವ ಇನ್ನೂ ಎಷ್ಟೋ ಮನೆಗಳು ಕಾಯುತ್ತಿವೆಯಂತೆ. ಉಪಯೋಗವಿಲ್ಲದ ಕಡೆ ನಿಲ್ಲಿಸಿ ಶೈಲಾಳನ್ನು ಅಲ್ಲಿಗೆ ಕಳಿಸುತ್ತಾರಂತೆ, ಆ ಅಪ್ಪ ಅಮ್ಮಂದಿರೂ ನಮ್ಮ ಹಾಗೇ ಅಲ್ಲವಾ, ಅವರಿಗೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕವನಾಗೆ ಪಿಂಚಣಿ ಹೇಗೂ ಬರುತ್ತೆ, ಮುಂದೆ ಬೇಕಾದರೆ ನೋಡಿಕೊಳ್ಳುವ ಹಾಸ್ಟೆಲ್‌ಗೆ ಸೇರಿಸಬಹುದು ಎಂದ. ಒಳ್ಳೆಯದಕ್ಕೇ ಹೇಳಿದ. ಕೊನೆಗೆ, ಗುರುವಾರ ಮತ್ತೆ ಮನೆಗೆ ಬರುತ್ತೇನೆ, ತಾಯಿಯವರು ಇರಲಿ, ಅವರೇ ಹೇಳಲಿ ಎಂದ.

ನಾನು ನಿನ್ನನ್ನೊಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ತಂಗಿಯ ಮಂಡಿ ಆಯಿತು, ನಾಳೆ ನಿನ್ನದು, ನಾಡಿದ್ದು ನನ್ನದು. ಮೋಹನ ಒಳ್ಳೆಯ ಮಗನೇ. ಕೆಂಗೇರಿಯಲ್ಲಿ ಅವನಿಗೂ ಹೆಂಡತಿ ಮಕ್ಕಳು ಇದ್ದಾರೆ, ತಂಗಿಗೆ ಒಂದು ರೂಮು ಕೊಡುತ್ತಾನೆ. ಅದರೊಳಗೆ ಇವಳು ಏನು ಮಾಡಬೇಕು? ಹೊಸಿಲ ಮೇಲೆ ಕೂತು ರಸ್ತೆ ನೋಡಬೇಕಾ? ನಾವಿಬ್ಬರೂ ಇಲ್ಲದ ದಿನ ಅವಳನ್ನು 'ಬಾರೇ ಕವನಾ' ಅಂತ ಕರೆಯುವವರು ಈ ಊರಲ್ಲಿ ನಾಲ್ಕು ಜನ ಬೇಕು. ಅಷ್ಟೇ ನನ್ನ ಆಸೆ. ಆ ನಾಲ್ಕು ಜನರನ್ನು ಅವಳು ಈಗತಾನೇ ಸಂಪಾದಿಸುತ್ತಿದ್ದಳು.

ಬುಧವಾರವೇ ಬಾ. ಎರಡು ದಿನ ರಜೆ ಹಾಕಿ ಅತ್ತೆಯನ್ನು ನೋಡಿಕೋ ಎಂದು ಚಿಕ್ಕಲಕ್ಷ್ಮಮ್ಮನ ಸೊಸೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಬಂದು ಗುರುವಾರ ಆ ಯೋಗಾನಂದನ ಎದುರಿಗೆ, ಕವನಾ ಕೇಳಿಸಿಕೊಳ್ಳುವ ಹಾಗೆ, ಅವಳಿಗೆ ಬರುತ್ತೆ ಎಂದು ಬಾಯಿ ತುಂಬಾ ಹೇಳು. ಅವನು ಹೋದ ಮರುಕ್ಷಣ ಮೆಣಸಿನಕಾಯಿ ಸುಡು, ಉಪ್ಪು ನಿವಾಳಿಸು, ಬೂದುಗುಂಬಳಕಾಯಿಯನ್ನೇ ಒಡಿ, ಬೀದಿಯೆಲ್ಲಾ ಕೆಮ್ಮಿದರೂ ನಾನು ಒಂದು ಮಾತು ಆಡುವುದಿಲ್ಲ. ಮೆಣಸಿನಕಾಯಿ ನಾನೇ ತಂದಿಡುತ್ತೇನೆ. ಮೊದಲು ಹೇಳು, ಆಮೇಲೆ ದೃಷ್ಟಿ ತೆಗಿ.

ಇಷ್ಟೊತ್ತೂ ಕವನಾ ನನ್ನ ಮೊಣಕೈ ಹತ್ತಿರ ನಿಂತು ನೋಡುತ್ತಿದ್ದಾಳೆ. ಯಾರಿಗೆ ಎಂದು ಕೇಳಿದಳು. ಅಮ್ಮನಿಗೆ ಎಂದೆ. ನಿನ್ನ ಹೆಸರು ಬರೆದ ಜಾಗದ ಮೇಲೆ ಬೆರಳಿಟ್ಟಳು. ಚಿಕ್ಕಲಕ್ಷ್ಮಮ್ಮನಿಗೆ ನನ್ನ ಆಶೀರ್ವಾದ, ಕಾಲು ಮಡಚಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಮೇಲೆ ಸಿಟ್ಟೂ ಇರುವ, ನೀನಿಲ್ಲದೆ ಮನೆಯಲ್ಲಿ ಒಂದು ಕಡೆ ಕೂರಲೂ ಆಗದ,
ಬೈರಯ್ಯ

ತಾ.ಕ.: ಕವರ್ ಮೇಲೆ 'ಮೊದಲು ಕೊನೆಯ ಪುಟ ಓದು' ಎಂದು ದಪ್ಪಗೆ ಬರೆದಿದ್ದೇನೆ, ಆದ್ದರಿಂದ ಇದನ್ನೇ ಮೊದಲು ಓದುತ್ತಿದ್ದೀಯ. ಕಾಗದ ಮುಗಿಸಿದ ಮೇಲೆ ನೆನಪಾಯಿತು, ಇವತ್ತು ಭಾನುವಾರ, ಪೋಸ್ಟ್ ಆಫೀಸಿಲ್ಲ. ನಾಳೆ ಹಾಕಿದರೆ ಯಾವಾಗ ತಲುಪುತ್ತೋ. ನಾನೇ ತಂದರೆ ನಿನ್ನ ತಂಗಿಯ ಮನೆಯಲ್ಲಿ ಜಗಳವಾಗುತ್ತೆ. ಯಾರ ಕೈಲಿ ಕಳಿಸಲಪ್ಪಾ ಎಂದು ಜೋರಾಗಿ ಗೊಣಗಿಕೊಂಡು ನಡುಮನೆಯಲ್ಲಿ ಓಡಾಡುತ್ತಿದ್ದೆ. ಕವನಾ, 'ಚಿಕ್ಕಮ್ಮನ ಮನೆ ಬಸ್ಸು ನಂಗ್ ಗೊತ್ತು' ಎಂದಳು. ನಾನು ನಿಂತಲ್ಲೇ ನಿಂತೆ. ಇಷ್ಟು ದಿನಕ್ಕೆ ಮೊದಲ ಸಲ ಅವಳ ಬಾಯಲ್ಲಿ 'ಗೊತ್ತು' ಅನ್ನುವ ಮಾತು. ಶೈಲಾ ಆ ರಿಂಗ್ ರೋಡ್ ಬಸ್ಸಲ್ಲಿ ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಲ್ಲಿ ಕೂತು ಕರೆದುಕೊಂಡು ಹೋಗಿ ಬಂದಿದ್ದಳಲ್ಲ, ಒಬ್ಬಳೇ ಹೋಗುವುದೊಂದು ಬಾಕಿ ಇತ್ತು. 'ಅಮ್ಮ ಬೈಯಲ್ವಾ?' ಎಂದು ಕೇಳಿದಳು. ಬೈಯಲ್ಲ ಎಂದು ನಿನ್ನ ಹೆಸರಿನಲ್ಲಿ ಮಾತು ಕೊಟ್ಟಿದ್ದೇನೆ.

ತಾನೇ ಜಡೆ ಹಾಕಿಕೊಂಡಿದ್ದಾಳೆ, ಸೊಟ್ಟ ಇದೆ, ಸರಿಮಾಡಬೇಡ. ಕೊರಳಲ್ಲಿ ಫೋನು, ಕೈಯಲ್ಲಿ ಆಧಾರ್ ಕಾರ್ಡು. ಕಂಡಕ್ಟರಿಗೆ ಅದನ್ನು ತೋರಿಸಿ ಫ್ರೀ ಟಿಕೆಟ್ ತಗೊಂಡು, ಲಗ್ಗೆರೆ ಬ್ರಿಡ್ಜ್ ಎಂದಾಗ ಇಳಿಯಬೇಕು ಎಂದು ನನಗೇ ಪಾಠ ಹೇಳಿದಳು. ನಮ್ಮ ಡಿಪೋದ ಹುಡುಗರಿಗೆ ಒಂದು ಫೋನ್ ಮಾಡಿದ್ದರೆ ದಾರಿಯುದ್ದಕ್ಕೂ ಕಣ್ಣಿಟ್ಟು ತಂದು ಇಳಿಸುತ್ತಿದ್ದರು. ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಬಸ್ಸಲ್ಲಿ ಒಂಟಿ ಹೆಣ್ಣುಮಕ್ಕಳಿಗೆ ಏನೇನಾಗುತ್ತೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನೀನು ಇದನ್ನು ಓದುವವರೆಗೂ ನಾನು ಇಲ್ಲಿ ಬಸ್ ಸ್ಟಾಪಿನಲ್ಲೇ ಓಡಾಡುತ್ತಿರುತ್ತೇನೆ. ಅವಳು ಬಂದ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡು. ಬುಧವಾರದವರೆಗೆ ನಿನ್ನ ಹತ್ತಿರವೇ ಇರಲಿ, ಅವತ್ತು ಅವಳೇ ನಿನ್ನನ್ನು ಬಸ್ ಹತ್ತಿಸಿಕೊಂಡು ಬರಲಿ.

ಬಾಗಿಲು ತೆಗೆದವಳೇ 'ಯಾರ್ ಜೊತೆ ಬಂದ್ಯೇ?' ಎಂದು ಕೇಳಿರುತ್ತೀಯ, ನನಗೆ ಗೊತ್ತು. ಪರವಾಗಿಲ್ಲ. ಕಾಗದ ಪಕ್ಕಕ್ಕಿಟ್ಟು ಇನ್ನೊಂದು ಸಲ ಕೇಳು, ಒಳಗೆ ಮಲಗಿರುವ ನಿನ್ನ ತಂಗಿಗೂ ಕೇಳಿಸುವ ಹಾಗೆ ಜೋರಾಗಿ ಕೇಳು. ಅವಳು 'ಒಬ್ಳೇ ಬಂದೆ' ಎನ್ನಲಿ. ನೀನು ಹೌದು ಅನ್ನು.